ಯಾರೂ ನೋಡದ ಜಾಗ

ಚನ್ನಪಟ್ಟಣ ತಾಲ್ಲೂಕಿನ ಅಬ್ಬೂರು ಕಣ್ವ ನದಿಯ ದಡದ ಊರು. ಬ್ರಹ್ಮಣ್ಯತೀರ್ಥರ ಬೃಂದಾವನ ಇರುವುದು ಇಲ್ಲೇ. ವಿಜಯನಗರದ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾದ ವ್ಯಾಸರಾಯರು ಅವರ ಶಿಷ್ಯರು. ಬನ್ನೂರಿನಲ್ಲಿ ಹುಟ್ಟಿ, ಅಬ್ಬೂರಿನ ಗುರುವಿನಿಂದ ಸಂನ್ಯಾಸ ಪಡೆದು, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಓದಿ ದೊಡ್ಡ ತಾರ್ಕಿಕರಾದವರು. 1539ರಲ್ಲಿ ಅವರು ತೀರಿಕೊಂಡರು. ಬೃಂದಾವನ ಆನೆಗೊಂದಿಯ ಬಳಿಯ ನವಬೃಂದಾವನದಲ್ಲಿದೆ. ಪುರಂದರದಾಸರು, ಕನಕದಾಸರು ಇಬ್ಬರೂ ಅವರ ಶಿಷ್ಯರೆಂದು ದಾಸಪರಂಪರೆ ನೆನೆಯುತ್ತದೆ.

ಕನಕದಾಸರ ಬಾಳೆಹಣ್ಣಿನ ಕಥೆ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಕುರುಬರ ಕನಕನನ್ನು ಮಠದೊಳಕ್ಕೆ ಸೇರಿಸಿಕೊಂಡದ್ದು ಉಳಿದ ಶಿಷ್ಯರಿಗೆ ಸರಿಬರಲಿಲ್ಲ. ವ್ಯಾಸರಾಯರು ಎಲ್ಲರ ಕೈಗೂ ಒಂದೊಂದು ಬಾಳೆಹಣ್ಣು ಕೊಟ್ಟು, ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಎಂದರು. ಒಬ್ಬ ಬಾಗಿಲ ಹಿಂದೆ ತಿಂದ, ಒಬ್ಬ ಬಂಡೆಯ ಮರೆಯಲ್ಲಿ ತಿಂದ. ಕನಕ ಮಾತ್ರ ಹಣ್ಣನ್ನು ಹಾಗೇ ಹಿಡಿದು ವಾಪಸು ಬಂದ. ದೇವರು ನೋಡದ ಜಾಗ ಅವನಿಗೆ ಸಿಕ್ಕಿರಲಿಲ್ಲ.

ಚನ್ನಪಟ್ಟಣದ ಸುತ್ತಿನ ಹಳ್ಳಿ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಈ ಕಥೆ ಹೇಳದ ವರ್ಷವಿರಲಿಲ್ಲ. ಒಮ್ಮೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಮಿಸ್, ಗುರುಗಳು ತಿನ್ನಿ ಅಂದಿದ್ರು. ಮಿಕ್ಕೋರೆಲ್ಲ ತಿಂದ್ರು. ಕನಕದಾಸರು ತಿನ್ನಲಿಲ್ಲ. ಹಂಗಾದ್ರೆ ಮಾತು ಮೀರಿದ್ದು ಅವರೇ ಅಲ್ವಾ?”

ಆ ಪ್ರಶ್ನೆ ಕಥೆಯ ಎದೆಗೇ ಕೈಯಿಟ್ಟಿತ್ತು. ಹಿರಿಯರು ಹಾಕಿಕೊಟ್ಟ ದಾರಿಯಲ್ಲಿ ನಡೆಯುವುದು ಧರ್ಮವೇ, ತನ್ನ ಅರಿವಿಗೆ ನಿಜವೆಂದು ಕಂಡಂತೆ ನಡೆಯುವುದು ಧರ್ಮವೇ? ಎರಡೂ ಒಂದೇ ಕಡೆ ಸಾಗುತ್ತಿರುವಾಗ ಈ ಪ್ರಶ್ನೆ ಏಳುವುದೇ ಇಲ್ಲ. ಬೇರೆಯಾದ ದಿನ ಏನು ಮಾಡಬೇಕು ಎನ್ನುವುದೇ ಕಷ್ಟ.

ಇನ್ನೊಬ್ಬರ ಕಣ್ಣು

ಊರಿನ ನೀತಿ ನಿಂತಿರುವುದು ಬಹುಮಟ್ಟಿಗೆ ಇನ್ನೊಬ್ಬರ ಕಣ್ಣಿನ ಮೇಲೆ. “ನಾಲ್ಕು ಜನ ಏನಂತಾರೆ” ಎಂಬ ಮಾತು ನಮ್ಮನ್ನು ಎಷ್ಟೋ ಕೆಡುಕಿನಿಂದ ತಡೆದಿದೆ. ಅದನ್ನು ಹಗುರವಾಗಿ ಕಾಣುವವಳು ನಾನಲ್ಲ. ಕುಡಿದು ಬಂದು ಹೆಂಡತಿಗೆ ಹೊಡೆಯುವವನ ಕೈಯನ್ನು ಎಷ್ಟೋ ಸಲ ಹಿಡಿದಿರುವುದು ಅವನ ಒಳಗಿನ ಜ್ಞಾನವಲ್ಲ, ಪಕ್ಕದ ಮನೆಯ ಜಗುಲಿಯಲ್ಲಿ ಕೂತ ಮುದುಕರ ಭಯ. ಆದರೆ ಕಣ್ಣಿನ ಮೇಲೆ ನಿಂತ ನೀತಿ ಕಣ್ಣು ಮರೆಯಾದಲ್ಲಿ ಮುಗಿದುಹೋಗುತ್ತದೆ. ವ್ಯಾಸರಾಯರ ಮಿಕ್ಕ ಶಿಷ್ಯರು ಕೆಟ್ಟವರಾಗಿರಲಿಲ್ಲ, ಮಾತಿಗೆ ತಕ್ಕಂತೆ ನಡೆದವರೇ. ಮನುಷ್ಯರ ಕಣ್ಣಿಗೆ ಆಚೆ ಇನ್ನೊಂದು ನೋಟವಿದೆ ಎಂದು ಅವರಿಗೆ ಹೊಳೆಯಲಿಲ್ಲ, ಅಷ್ಟೆ. ಕನಕ ಗುರುವಿನ ಮಾತನ್ನು ಮೀರಲಿಲ್ಲ. ಆ ಮಾತನ್ನು ಉಳಿದವರಿಗಿಂತ ಆಳಕ್ಕೆ ಕೇಳಿಸಿಕೊಂಡ, ತನ್ನ ಪಾಲಿನ ಹಣ್ಣನ್ನು ಬಿಟ್ಟುಕೊಟ್ಟ. ಆ ಹುಡುಗಿಗೆ ನಾನು ಕೊಟ್ಟ ಉತ್ತರವೂ ಇದೇ.

ಮನುಷ್ಯರ ಕಣ್ಣಿನಾಚೆಯ ಆ ನೋಟ ಇನ್ನೊಂದು ಕಥೆಯಲ್ಲೂ ಬರುತ್ತದೆ. ಕಣ್ವ ಋಷಿಗಳು ತಪಸ್ಸು ಮಾಡಿದ್ದರಿಂದ ಅಬ್ಬೂರಿನ ನದಿಗೆ ಆ ಹೆಸರು ಬಂತೆಂದು ನಮ್ಮ ಕಡೆಯವರ ನಂಬಿಕೆ. ಅದೇ ಕಣ್ವರ ಸಾಕುಮಗಳು ಶಕುಂತಲೆ. ಶಕುಂತಲೆ ಎಂದರೆ ನಮಗೆ ನೆನಪಾಗುವುದು ಕಾಳಿದಾಸನ ನಾಟಕ, ದೂರ್ವಾಸರ ಶಾಪ, ಕಳೆದುಹೋದ ಉಂಗುರ. ಮಹಾಭಾರತದ ಆದಿಪರ್ವದಲ್ಲಿ ಬರುವ ಕಥೆ ಬೇರೆ. ಅಲ್ಲಿ ಶಾಪವಿಲ್ಲ, ಉಂಗುರವಿಲ್ಲ. ಮಗನನ್ನು ಕೈಹಿಡಿದು ಆಸ್ಥಾನಕ್ಕೆ ಬಂದ ಶಕುಂತಲೆಯ ಗುರುತು ಸಿಕ್ಕಿಯೂ ದುಷ್ಯಂತ ಸಿಗದವನಂತೆ ನಟಿಸುತ್ತಾನೆ. ಆಗ ಅವಳು ಅಳುತ್ತಾ ಹಿಂದಿರುಗುವುದಿಲ್ಲ. ನೀನು ಒಬ್ಬನೇ ಇದ್ದೆ ಎಂದುಕೊಂಡಿದ್ದೀಯೆ, ನಿನ್ನ ಹೃದಯದೊಳಗೆ ಕೂತಿರುವ ಹಳೆಯ ಮುನಿಯನ್ನು ನೀನು ಅರಿಯೆ ಎಂಬ ಅರ್ಥದಲ್ಲಿ ತುಂಬಿದ ಸಭೆಯಲ್ಲೇ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಕೊನೆಗೆ ಅಶರೀರವಾಣಿ ಅವಳ ಪರ ನುಡಿದ ಮೇಲೆ ದುಷ್ಯಂತ ನಿಜ ಹೇಳುತ್ತಾನೆ: ತನಗೆ ಎಲ್ಲ ಗೊತ್ತಿತ್ತು, ಇವಳ ಮಾತೊಂದನ್ನೇ ನಂಬಿ ಒಪ್ಪಿಕೊಂಡಿದ್ದರೆ ಜನ ಸಂಶಯಪಡುತ್ತಿದ್ದರು.

ಲೋಕದ ಬಾಯಿಗೆ ಹೆದರಿದ ದೊರೆ ತನಗೆ ಗೊತ್ತಿದ್ದ ಸತ್ಯವನ್ನು ಸಭೆಯಲ್ಲಿ ನುಂಗಿಕೊಂಡ. ಕಾಡಿನಲ್ಲಿ ಬೆಳೆದ ಹೆಣ್ಣು ಲೋಕದ ಎದುರೇ ಅದನ್ನು ಹೇಳಿದಳು. ಬಾಳೆಹಣ್ಣಿನ ಕಥೆಯಲ್ಲಿ ಕನಕ ಕಂಡದ್ದು ಶಕುಂತಲೆ ಹೇಳಿದ ಆ ಮುನಿಯನ್ನೇ.

ಶಾಸ್ತ್ರ ಕೊಟ್ಟ ಜಾಗ

ನಮ್ಮ ಶಾಸ್ತ್ರಗಳೆಲ್ಲ ಕಟ್ಟುಪಾಡಿನ ಪರ, ಒಳಗಿನ ಅರಿವಿಗೆ ಅಲ್ಲಿ ಜಾಗವಿಲ್ಲ ಎಂದು ಅನೇಕರು ತಿಳಿದಿದ್ದಾರೆ. ಆದರೆ ಮನುಸ್ಮೃತಿಯೇ ಧರ್ಮವನ್ನು ತಿಳಿಯಲು ನಾಲ್ಕು ಆಧಾರಗಳನ್ನು ಹೇಳುತ್ತದೆ: ವೇದ, ಸ್ಮೃತಿ, ಸಜ್ಜನರ ಆಚಾರ, ಕೊನೆಗೆ ಆತ್ಮತುಷ್ಟಿ. ತನ್ನ ಒಳಮನಸ್ಸಿಗೆ ಸಮಾಧಾನವಾಗುವುದೂ ಒಂದು ಪ್ರಮಾಣ. ಭಗವದ್ಗೀತೆಯಲ್ಲಿ ಕೃಷ್ಣ ಅಷ್ಟೆಲ್ಲ ಉಪದೇಶ ಮಾಡಿ, 18ನೇ ಅಧ್ಯಾಯದಲ್ಲಿ, ಇದನ್ನು ಪೂರ್ತಿಯಾಗಿ ವಿಮರ್ಶಿಸಿ ನಿನಗೆ ತೋಚಿದಂತೆ ಮಾಡು ಎಂದು ಅರ್ಜುನನಿಗೇ ತೀರ್ಮಾನ ಬಿಡುತ್ತಾನೆ. ದೇವರೇ ಸಾರಥಿಯಾಗಿದ್ದರೂ ವಿಚಾರ ಮಾಡುವ ಕೆಲಸ ಅರ್ಜುನನ ತಲೆಯಿಂದ ಇಳಿಯಲಿಲ್ಲ.

ವ್ಯಾಸರಾಯರು ಎತ್ತಿಹಿಡಿದ ಮಧ್ವಮತದಲ್ಲಂತೂ ಇದಕ್ಕೆ ಬಲವಾದ ನೆಲೆಯಿದೆ. ಪ್ರತ್ಯಕ್ಷ, ಅನುಮಾನ, ಆಗಮ ಎಂದು ಅಲ್ಲಿ ಪ್ರಮಾಣಗಳು ಮೂರು. ಕಣ್ಣಿಗೆ ಕಂಡದ್ದು, ತರ್ಕದಿಂದ ತಿಳಿದದ್ದು, ಶಾಸ್ತ್ರದಿಂದ ಬಂದದ್ದು. ಈ ಮೂರರಿಂದ ಹುಟ್ಟಿದ ಅರಿವು ನಿಜವೇ ಎಂದು ಕೊನೆಯದಾಗಿ ನಿಶ್ಚಯಿಸುವುದು ಸಾಕ್ಷಿ. ಅದು ಹೊರಗಿನಿಂದ ಬಂದದ್ದಲ್ಲ, ಜೀವದ ಸ್ವರೂಪವೇ ಆದ ಒಳ ಇಂದ್ರಿಯ. ಮನಸ್ಸು ಆಸೆಗೆ ಸಿಕ್ಕಿ ತಪ್ಪಬಹುದು, ಸಾಕ್ಷಿ ತಪ್ಪದು. ಆದ್ದರಿಂದ ಸಂಶಯ ಬಂದ ಕಡೆ ಮೊದಲು ಪರೀಕ್ಷೆ ನಡೆಯಬೇಕು, ಆಮೇಲೆ ಸಾಕ್ಷಿಯ ಒಪ್ಪಿಗೆ. ವ್ಯಾಸರಾಯರ ‘ತರ್ಕತಾಂಡವ’ ಪ್ರಮಾಣಗಳ ವಿಚಾರಕ್ಕೇ ಮೀಸಲಾದ ಗ್ರಂಥ. ಅದನ್ನು ಬರೆದ ಪಂಡಿತರು ಬಾಳೆಹಣ್ಣು ಹಂಚಿ ಪರೀಕ್ಷೆ ಮಾಡಿದರೆಂದು ಜನ ಕಥೆ ಕಟ್ಟಿಕೊಂಡು ಬಂದಿರುವುದರಲ್ಲಿ ಔಚಿತ್ಯವಿದೆ.

ಹುಳದ ಮನೆಯ ನಿಯಮಗಳು

ಇದನ್ನೆಲ್ಲ ಗ್ರಂಥದಲ್ಲಿ ಓದುವುದಕ್ಕೆ ಮೊದಲೇ ನಾನು ಕಲಿತದ್ದು ಗಂಡನ ಮನೆಯ ಹುಳದ ಮನೆಯಲ್ಲಿ. ರಾಮನಗರ ಸೀಮೆಯ ರೈತರ ಬಾಳು ರೇಷ್ಮೆ. ಮರಿಯಾದ ದಿನದಿಂದ ಗೂಡು ಕಟ್ಟಲು ಹಣ್ಣಾಗುವವರೆಗೆ ಹುಳು ಸುಮಾರು 25 ದಿನ ತಿನ್ನುತ್ತದೆ. ನಡುವೆ 4 ಸಲ ಜ್ವರಕ್ಕೆ ಕೂರುತ್ತದೆ, ಎಂದರೆ ತಿನ್ನುವುದು ಬಿಟ್ಟು ಪೊರೆ ಕಳಚುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಹಗಲಿಲ್ಲ, ರಾತ್ರಿಯಿಲ್ಲ. ಹಿಪ್ಪುನೇರಳೆ ಸೊಪ್ಪು ಹಾಸಿದಷ್ಟೂ ಖಾಲಿ. ಮಳೆ ಬಿದ್ದ ಹಾಗೆ ಚರಚರ ಸದ್ದು.

ನಮ್ಮತ್ತೆಯವರ ಹುಳದ ಮನೆಗೆ ಕಟ್ಟುಪಾಡುಗಳಿದ್ದವು. ಚಪ್ಪಲಿ ಬಾಗಿಲಾಚೆ. ಕೈಕಾಲು ತೊಳೆಯದೆ ಒಳಕ್ಕೆ ಕಾಲಿಡುವಂತಿಲ್ಲ. ಹೊಗೆಸೊಪ್ಪು ಅಗಿಯುವವರು, ಬೀಡಿ ಸೇದಿ ಬಂದವರು ಹತ್ತಿರ ಸುಳಿಯುವಂತಿಲ್ಲ. ಮುಟ್ಟಾದ ಹೆಂಗಸಿನ ನೆರಳೂ ಬೀಳಬಾರದು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಅವರ ಪಾಲಿಗೆ ಎಲ್ಲವೂ ಒಂದೇ ತೂಕ.

ಒಂದು ಬೇಸಿಗೆ ಬೆಳೆಯಲ್ಲಿ ಹುಳು ಹಣ್ಣಾಗುವ ಹೊತ್ತಿಗೆ ಅತ್ತೆ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು. ಯಜಮಾನರು ಅವರ ಜೊತೆಗಿದ್ದರು. ನಾನು ಹೊರಗಾಗಿದ್ದೆ. ಸೊಪ್ಪು ಕೊಯ್ದು ತಂದ ಆಳು ಬಾಗಿಲಲ್ಲಿ ಹೊರೆ ಇಳಿಸಿ ಹೊರಟುಹೋದ. ಒಳಗೆ ತಟ್ಟೆಗಳ ಮೇಲೆ ಬರಿ ಕಡ್ಡಿ ಉಳಿದು, ಹುಳುಗಳು ತಲೆಯೆತ್ತಿ ತೂಗಾಡುತ್ತಿದ್ದವು. ಹಸಿದ ಹುಳು ಹಾಗೆಯೇ ಸೊಪ್ಪಿಗೆ ತಡಕುವುದು. ಸ್ನಾನ ಮಾಡಿದೆ, ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದೆ, ಒಳಗೆ ಹೋಗಿ ಸೊಪ್ಪು ಹಾಕಿದೆ. ಹುಳು ಹಣ್ಣಾದಾಗ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟವಳೂ ನಾನೇ.

ಅತ್ತೆ ಮನೆಗೆ ಬಂದ ದಿನವೇ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, “ಮುಚ್ಚಿಟ್ಟಿದ್ರೆ ನನ್ ಕಣ್ಣಿಗೆ ಬೀಳ್ತಿರಲಿಲ್ಲ. ನೀನಾಗೇ ಬಂದು ಹೇಳಿದ್ಯಲ್ಲ ಕಣವ್ವ. ಅದಕ್ಕೆ ಯೋಚ್ನೆ ಮಾಡ್ತಿದೀನಿ” ಎಂದರು. “ನೀನು ಮುಟ್ದೆ ಇದ್ರೆ ಅವು ಉಪಾಸ ಸಾಯ್ತಿದ್ವು, ಅಲ್ವಾ?” ಎಂದು ತಾವೇ ಕೇಳಿಕೊಂಡರು. ಮುಂದಿನ ಬೆಳೆಯಿಂದ ಆ ನಿಯಮದ ಮಾತು ನಮ್ಮ ಮನೆಯಲ್ಲಿ ಏಳಲಿಲ್ಲ. ಚಪ್ಪಲಿ, ಕೈತೊಳೆಯುವುದು, ಹೊಗೆಸೊಪ್ಪಿನ ವಿಷಯದಲ್ಲಿ ಮಾತ್ರ ಅವರು ಹಿಂದಿಗಿಂತ ಬಿಗಿಯಾದರು. ಅದಕ್ಕೆ ಕಾರಣವಿದೆ: ಕೊಳಕು ಕೈಕಾಲು ಹುಳುವಿಗೆ ರೋಗ ತರುತ್ತದೆ, ಹೊಗೆಸೊಪ್ಪಿನ ನಿಕೋಟಿನ್ ಹುಳುವಿಗೆ ವಿಷ.

ಆ ಸಲ ಗೂಡು ಚೆನ್ನಾಗಿ ಬಂತು. ಅದನ್ನು ನಾನು ಪುರಾವೆಯಾಗಿ ಹಿಡಿಯುವುದಿಲ್ಲ. ಬೆಳೆ ಕೆಟ್ಟಿದ್ದರೂ ಹಸಿದ ಜೀವಕ್ಕೆ ಸೊಪ್ಪು ಹಾಕಿದ್ದು ಸರಿಯೇ. ಫಲ ನೋಡಿ ಧರ್ಮ ನಿರ್ಧರಿಸಿದರೆ ಅದು ಜೂಜಾಗುತ್ತದೆ. ರೂಢಿ ಎಂಬುದು ಗೇರದ ರಾಗಿಯಂತೆ: ಕಾಳೂ ಇರುತ್ತದೆ, ಕಲ್ಲೂ ಇರುತ್ತದೆ. ಕಲ್ಲಿದೆಯೆಂದು ಮೊರ ಸಮೇತ ಎಸೆಯುವವರೂ, ಹಿರಿಯರು ಕೊಟ್ಟದ್ದೆಂದು ಕಲ್ಲನ್ನೂ ಅಗಿಯುವವರೂ ಗೇರುವ ಕೆಲಸದಿಂದ ತಪ್ಪಿಸಿಕೊಂಡವರು.

ಪಟ್ಟೆಮಡಿ ಮತ್ತು ಕುರಿಮರಿ

ಗೇರಿ ಮುಗಿಯದ ಪ್ರಶ್ನೆಗಳೂ ಇವೆ. ನಮ್ಮ ಜಿಲ್ಲೆಗೆ ಅನ್ನ ಕೊಟ್ಟ ರೇಷ್ಮೆಯದೇ ಅಂಥದೊಂದು ಪ್ರಶ್ನೆ.

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾದ ಗೂಡು ಬೇಗ ಬಿಚ್ಚಾಣಿಕೆಗೆ ಹೋಗಬೇಕು. ತಡವಾದರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಎಳೆ ತುಂಡಾಗುತ್ತದೆ. ಆದ್ದರಿಂದ ಜೀವ ಒಳಗಿರುವಾಗಲೇ ಬಿಸಿಗೆ ಒಡ್ಡಿ, ಕುದಿನೀರಿನಲ್ಲಿ ಬೇಯಿಸಿ ನೂಲು ತೆಗೆಯುತ್ತಾರೆ. ಮಿಶ್ರತಳಿಯ 1 ಕೆ.ಜಿ. ನೂಲಿಗೆ 7 ಕೆ.ಜಿ.ಯಷ್ಟು ಗೂಡು ಬೇಕಾಗುತ್ತದೆ. ಆ ಲೆಕ್ಕದಲ್ಲಿ ಅರ್ಧ ಕೆ.ಜಿ. ತೂಗುವ ಒಂದು ಪಟ್ಟೆ ಸೀರೆಗೆ 2,000ಕ್ಕೂ ಮಿಕ್ಕಿ ಗೂಡುಗಳು ಹೋಗುತ್ತವೆ. ಒಂದೊಂದು ಗೂಡಿಗೂ ಒಂದು ಜೀವ.

ಇದೇ ಪಟ್ಟೆ ಪೂಜೆಗೆ ಮಡಿ. ಹತ್ತಿಬಟ್ಟೆಗೆ ಮೈಲಿಗೆ ತಟ್ಟುತ್ತದೆ, ಪಟ್ಟೆಗೆ ತಟ್ಟದು ಎಂಬುದು ರೂಢಿ. ಊರಹಬ್ಬದಲ್ಲಿ ಮಾರಮ್ಮನಿಗೆ ಕುರಿಮರಿ ಕಡಿದವರನ್ನು ಕಂಡು ಮುಖ ಸಿಂಡರಿಸುವವರು ಪಟ್ಟೆಮಡಿಯುಟ್ಟು ಅಹಿಂಸೆಯ ಮಾತಾಡುವುದನ್ನು ನಾನು ಕೇಳಿದ್ದೇನೆ. ಗುಡಿಯ ಆವರಣದಲ್ಲಿ ಬಲಿ ಕೊಡುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1959ರ ಕಾಯ್ದೆಯಿದೆ. ಆ ಕಾಯ್ದೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಂದು ಕೊಲೆಯನ್ನು ಮೌಢ್ಯವೆಂದೂ ಇನ್ನೊಂದನ್ನು ಮಡಿಯೆಂದೂ ಎಣಿಸುವಾಗ ಸಮಾಜ ಜೀವವನ್ನು ತೂಗುತ್ತಿಲ್ಲ, ಮನುಷ್ಯರ ಅಂತಸ್ತನ್ನು ತೂಗುತ್ತಿದೆ. ಇದನ್ನು ಕಂಡು ಮಾತಾಡಿದವರು ಸಂಪ್ರದಾಯದ ಒಳಗೇ ಇದ್ದಾರೆ. ಕಂಚಿಯ ಚಂದ್ರಶೇಖರೇಂದ್ರ ಸರಸ್ವತಿಗಳು ಮದುವೆಮುಂಜಿಗಳಲ್ಲೂ ಪಟ್ಟೆ ಬಿಡಿ ಎಂದು ಭಕ್ತರಿಗೆ ಹೇಳುತ್ತಾ ಬಂದರು.

ಹಾಗೆಂದು ನಾನು ರೇಷ್ಮೆ ಬೆಳೆಯುವವರನ್ನು ಪಾಪಿಗಳೆನ್ನಲೇ? ಮಹಾಭಾರತದ ವನಪರ್ವದಲ್ಲಿ ಕೌಶಿಕನೆಂಬ ತಪಸ್ವಿಗೆ ಧರ್ಮ ಕಲಿಸುವವನು ಮಿಥಿಲೆಯ ಮಾಂಸದಂಗಡಿಯ ವ್ಯಾಧ. ನೇಗಿಲು ಹೂಡಿದರೂ ಮಣ್ಣಿನ ಜೀವಿಗಳು ಸಾಯುತ್ತವೆ, ಹಿಂಸೆಯಿಂದ ಪೂರ್ತಿ ಪಾರಾದವರು ಯಾರೂ ಇಲ್ಲ ಎಂದು ಅವನು ತಿಳಿಹೇಳುತ್ತಾನೆ. ತನ್ನ ಕಸುಬಿನ ಹಿಂಸೆಯನ್ನು ಅವನು ಮುಚ್ಚಿಡುವುದೂ ಇಲ್ಲ, ಮೆರೆಸುವುದೂ ಇಲ್ಲ. ಆ ಪ್ರಾಮಾಣಿಕತೆಯೇ ಅವನನ್ನು ಗುರುವಾಗಿಸಿತು.

ನನ್ನ ಮಕ್ಕಳ ಓದು ನಡೆದದ್ದು ಗೂಡಿನ ದುಡ್ಡಿನಲ್ಲಿ. ಅದನ್ನು ಮರೆತು ನೆರೆಯವರಿಗೆ ಹುಳು ಸಾಕಬೇಡಿ ಎಂದರೆ ನನ್ನ ವಿವೇಕದ ಬೆಲೆಯನ್ನು ಅವರ ಹೊಟ್ಟೆ ತೆರಬೇಕಾಗುತ್ತದೆ. ನನ್ನ ಕೈಯಲ್ಲಿದ್ದದ್ದು ನನ್ನ ಮೈಮೇಲಿನ ಬಟ್ಟೆ. ಮಗಳ ಮದುವೆಯಲ್ಲಿ ಧಾರೆಗೆ ಕೂತಾಗ ನಾನು ಉಟ್ಟದ್ದು ಒಗೆದು ಮಡಿಸಿದ ಹತ್ತಿ ಸೀರೆ. ಬೀಗರ ಕಡೆಯವರು ಪಿಸುಗುಟ್ಟಿದರು. ಮಗಳು ಪಟ್ಟೆ ಉಟ್ಟಳು, ಅದು ಅವಳ ತೀರ್ಮಾನ. ನನಗೆ ಕಂಡ ಸತ್ಯವನ್ನು ಅವಳ ಮದುವೆಯ ದಿನ ಅವಳ ಮೇಲೆ ಹೇರಿದ್ದರೆ ಅದೂ ಇನ್ನೊಂದು ಬಗೆಯ ಜುಲುಮೆಯೇ ಆಗುತ್ತಿತ್ತು.

ಸುಳ್ಳು ವಿವೇಕ

ಈಗ ಎಲ್ಲರ ಬಾಯಲ್ಲೂ ಮನಸ್ಸಾಕ್ಷಿ. ಮುಪ್ಪಿನ ತಂದೆತಾಯಿಯನ್ನು ನೋಡಿಕೊಳ್ಳದವನು “ನನ್ನ ಶಾಂತಿ ನನಗೆ ಮುಖ್ಯ” ಎನ್ನುತ್ತಾನೆ. ಸಾಲ ತೀರಿಸದವನು “ಪಾಪ ಪುಣ್ಯ ಎಲ್ಲ ಮಾಯೆ” ಎನ್ನುತ್ತಾನೆ. ನಾಲ್ಕು ಪ್ರವಚನ ಕೇಳಿ ವೇದಾಂತವನ್ನು ಹೀಗೆ ಬಳಸುವವರನ್ನು ಹಿಂದಿನವರೂ ಕಂಡಿದ್ದರು. ಶೃಂಗೇರಿಯ ಪರಂಪರೆ ತನ್ನವರೆಂದು ಪೂಜಿಸುವ ಸುರೇಶ್ವರಾಚಾರ್ಯರು, ಅದ್ವೈತ ತಿಳಿದವನು ಮನಬಂದಂತೆ ನಡೆಯಬಹುದೆಂಬ ವಾದವನ್ನು ‘ನೈಷ್ಕರ್ಮ್ಯಸಿದ್ಧಿ’ಯಲ್ಲಿ ಕಟುವಾಗಿ ತಳ್ಳಿಹಾಕಿದ್ದಾರೆ. ಮನು ಹೇಳಿದ ಆತ್ಮತುಷ್ಟಿಯೂ ಕಂಡಕಂಡವರ ಮನಸ್ಸಿನ ಖುಷಿಯಲ್ಲ, ತಿಳಿದವರ, ಸದಾಚಾರಿಗಳ ಒಳಸಮಾಧಾನ ಎಂದು ವ್ಯಾಖ್ಯಾನಕಾರರು ಎಚ್ಚರಿಸಿದ್ದಾರೆ.

ಹಾಗಾದರೆ ನಿಜವಾದ ವಿವೇಕವನ್ನು ಗುರುತಿಸುವುದು ಹೇಗೆ? ನಾನು ನೋಡುವುದು ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು. ಕನಕ ಹಣ್ಣು ಬಿಟ್ಟ. ಶಕುಂತಲೆ ಮಾನವನ್ನೇ ಪಣಕ್ಕಿಟ್ಟು ಸಭೆಯಲ್ಲಿ ನಿಂತಳು. ರೂಢಿಯನ್ನು ಮೀರಿದ ಮೇಲೆ ನನ್ನ ಹೊಣೆ ಹೆಚ್ಚಿದ್ದರೆ ಅದನ್ನು ನಂಬಬಹುದು. ನನ್ನ ಹೊರೆ ಇಳಿದು ಇನ್ನೊಬ್ಬರ ಹೆಗಲೇರಿದ್ದರೆ, ಅದು ಆಸೆ ತೊಟ್ಟ ವೇಷ. ಇನ್ನೊಂದು ಪರೀಕ್ಷೆಯನ್ನು ಕನಕದಾಸರ ‘ರಾಮಧಾನ್ಯ ಚರಿತೆ’ ಕಲಿಸುತ್ತದೆ. ರಾಗಿ ಹೆಚ್ಚೋ ಭತ್ತ ಹೆಚ್ಚೋ ಎಂಬ ಜಗಳ ಬಂದಾಗ ರಾಮ ತಕ್ಷಣ ತೀರ್ಪು ಕೊಡಲಿಲ್ಲ. ಎರಡನ್ನೂ 6 ತಿಂಗಳು ಸೆರೆಯಲ್ಲಿಟ್ಟ. ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ರೊಚ್ಚಿನಲ್ಲಿ ಹೊಳೆದದ್ದು ತಿಂಗಳುಗಳ ಮೇಲೂ ನಿಜವೆನಿಸಬೇಕು. ಇದರ ಜೊತೆಗೆ, ಮಾಡಿದ್ದನ್ನು ಅದರಿಂದ ನೋಯುವವರ ಮುಂದೆ ನಿಂತು ಹೇಳುವ ಧೈರ್ಯವೂ ಇರಬೇಕು.

ವಿವೇಕ ರೂಢಿಯಾಗುವುದು

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹುಟ್ಟಿದ ಹುಡುಗ ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದರು. 1930ರಲ್ಲಿ ಸಂನ್ಯಾಸ ಪಡೆದ ಅವರು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ನಡೆಸಿದ್ದು ಅನ್ನ, ಅಕ್ಷರ, ವಸತಿಯ ದಾಸೋಹ. ಬಂದ ಬಡ ಮಕ್ಕಳ ಜಾತಿ ಮತ ಕೇಳಲಿಲ್ಲ, ಅವರನ್ನೆಲ್ಲ ಒಟ್ಟಿಗೆ ಕೂರಿಸಿ ಉಣ್ಣಿಸಿದರು. ಪಂಕ್ತಿಭೇದವೇ ಸದಾಚಾರವೆನಿಸಿದ್ದ ಕಾಲದಲ್ಲಿ ಹಾಗೆ ನಡೆಯುವುದು ಒಂದು ತೀರ್ಮಾನವಾಗಿತ್ತು. ಅದರಿಂದ ಅವರ ಹೊಣೆ ಕಡಿಮೆಯಾಗಲಿಲ್ಲ, ವರ್ಷದಿಂದ ವರ್ಷಕ್ಕೆ ಉಣ್ಣುವ ಬಾಯಿಗಳು ಹೆಚ್ಚಾದವು. ಆ ಸಾಲಿನಲ್ಲಿ ಉಂಡು ಬೆಳೆದ ಮಕ್ಕಳಿಗೆ ಪಕ್ಕದವನ ಜಾತಿ ಕೇಳದಿರುವುದು ಸಾಹಸವಲ್ಲ, ಮಾಮೂಲು.

ಒಬ್ಬರ ವಿವೇಕ ಹೀಗೆ ಹಲವರ ರೂಢಿಯಾಗುತ್ತದೆ. ಆಮೇಲೆ ಮುಂದಿನ ತಲೆಮಾರು ಅದನ್ನೂ ಕಣ್ಣುಮುಚ್ಚಿ ಪಾಲಿಸಲು ತೊಡಗುತ್ತದೆ, ಅದರಲ್ಲೂ ಕಲ್ಲು ಸೇರಿಕೊಳ್ಳುತ್ತದೆ. ಆದ್ದರಿಂದ ನಿಯಮವನ್ನು ಮಕ್ಕಳಿಗೆ ಕೊಡುವಾಗ ಕಾರಣವನ್ನೂ ಕೊಡಬೇಕು. ಕಾರಣ ನಮಗೇ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿ, ಅವರ ಜೊತೆ ಕೂತು ಹುಡುಕಬೇಕು. ಊರಿನ ಕಣ್ಣಿಗೆ ಹೆದರಿ ಒಳ್ಳೆಯವರಾಗಿರುವ ಮಕ್ಕಳನ್ನು ನಾವು ಸಾಕಷ್ಟು ಬೆಳೆಸಿದ್ದೇವೆ. ತಮ್ಮೊಳಗಿನ ಮುನಿಗೆ ಉತ್ತರ ಹೇಳಬಲ್ಲವರನ್ನು, ಅದರ ಬೆಲೆಯನ್ನು ತಾವೇ ತೆರಬಲ್ಲವರನ್ನು ಬೆಳೆಸುವ ಕೆಲಸ ಇನ್ನೂ ಬಾಕಿ ಇದೆ.